ಯಾವ ಹಕ್ಕಿಗೆ ವೋಟು?

ಕಾಂಪೌಂಡಿನ ಆಚೆಯಿಂದ ಅಕ್ಕ ನನ್ನನ್ನು ಕರೆದರೆ ಎರಡೇ ಕಾರಣ: ನಲ್ಲಿಯಲ್ಲಿ ನೀರು ಬಂದಿರುತ್ತದೆ, ಇಲ್ಲವೇ ಹುರುಳಿಕಾಳಿನ ಬಸ್ಸಾರು ಮಿಕ್ಕಿರುತ್ತದೆ. ಮೊನ್ನೆ ಮೂರನೆಯದೊಂದು ಹುಟ್ಟಿಕೊಂಡಿತು.

"ಮೇಷ್ಟ್ರೇ, ನಿಮಗ್ಯಾವ ಹಕ್ಕಿ ಇಷ್ಟ? ಬೇಗ ಹೇಳಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

ಮೊಮ್ಮಗನಿಗೆ ಸ್ಕೂಲಿನಲ್ಲಿ 'ನನ್ನ ನೆಚ್ಚಿನ ಹಕ್ಕಿ' ಅಂತ ಹತ್ತು ವಾಕ್ಯ ಬರೆಯಲು ಕೊಟ್ಟಿದ್ದಾರಂತೆ. ಕೋಳಿ, ಪಾರಿವಾಳ, ಪಂಜರದ ಗಿಣಿ ನಡೆಯುವುದಿಲ್ಲ. ಕಾಡಿನ ಹಕ್ಕಿಯೇ ಆಗಬೇಕು. ಪಾಪ, ಚಿಕ್ಕಬಳ್ಳಾಪುರದ ಹುಡುಗ. ಕಾಡು ಅಂದರೆ ನೀಲಗಿರಿ ತೋಪು ಅಂತಲೇ ತಿಳಿದು ಬೆಳೆದವನು.

"ಗೀಜಗ ಬರೀಲಿ. ಎಷ್ಟು ಚೆಂದಾಗಿ ಗೂಡು ಕಟ್ಟುತ್ತೆ," ಅಂದೆ.

ಅಲ್ಲಿ ಎಡವಿದೆ. ಅಕ್ಕನ ತವರು ರೇಷ್ಮೆಯ ಊರು ಶಿಡ್ಲಘಟ್ಟ. ಆ ಊರಿನವರ ಮುಂದೆ ಗೂಡು ಅಂದರೆ ಹಕ್ಕಿ ನೆನಪಾಗುವುದುಂಟೆ? "ಅಯ್ಯೋ, ನಿನ್ನೆ ಮಾರ್ಕೆಟ್ಟಲ್ಲಿ ಗೂಡು ಕೆಜಿಗೆ ಎಷ್ಟಕ್ಕೆ ಹೋಯ್ತು ಗೊತ್ತಾ..." ಎಂದು ಶುರುವಾದದ್ದು ಹಿಪ್ಪುನೇರಳೆ ಸೊಪ್ಪು, ಚಂದ್ರಂಕಿ, ಊಜಿ ನೊಣ ಎಲ್ಲವನ್ನೂ ಮುಗಿಸಿಕೊಂಡೇ ನಿಂತಿತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಊಜಿ ನೊಣ ತಿನ್ನುವ ಹಕ್ಕಿ ಯಾವುದಾದರೂ ಇದ್ದರೆ ತನ್ನ ವೋಟು ಅದಕ್ಕೇ ಅಂದರು ಅಕ್ಕ. 1980ರಲ್ಲಿ ಬಂಗಾಳದ ಕಡೆಯ ಗೂಡಿನ ಜತೆ ನಮ್ಮ ಸೀಮೆಗೆ ಬಂದ ಆ ನೊಣ ಆಮೇಲೆ ಎಷ್ಟು ಹುಳು ಮನೆಗಳನ್ನು ಅಳಿಸಿತೆಂದು ಅವರಿಗೆ ಗೊತ್ತು.

ನವಿಲಿನ ಹೆಸರೆತ್ತಿದೆ. ಚಿಂತಾಮಣಿ ಕಡೆ ಕಡಲೆಕಾಯಿ ಹಾಕುವ ಅಣ್ಣ ಅವರಿಗಿದ್ದಾನೆ ಎಂಬುದು ಮರೆತಿತ್ತು. "ಬಿತ್ತಿದ ಬೀಜಾನೇ ಕೆದಕಿ ತಿನ್ನುತ್ತೆ. ಕಲ್ಲು ಹೊಡೆದ್ರೆ ಕೇಸಂತೆ. ಅದಕ್ಕೆ ರಾಷ್ಟ್ರಪಕ್ಷಿ ಅಂತ ಮರ್ಯಾದೆ ಬೇರೆ!"

1963ರಲ್ಲಿ ನವಿಲಿಗೆ ಆ ಪಟ್ಟ ಸಿಕ್ಕಿತು. ಪಕ್ಷಿತಜ್ಞ ಸಲೀಂ ಅಲಿಯವರ ಮನಸ್ಸಿದ್ದದ್ದು ಎರೆಭೂತದ ಮೇಲೆ, ಅಂದೆ. ಇಂಗ್ಲಿಷಿನಲ್ಲಿ ಅದರ ಹೆಸರಿನ ಒಂದಕ್ಷರ ತಪ್ಪಿದರೆ ಬೈಗುಳವಾಗುತ್ತದೆಂದು ಹೆದರಿ ಕೈಬಿಟ್ಟರೆಂದು ಕಥೆ ಹೇಳುತ್ತಾರೆ. ಈಗ ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಕನ್ನಡದಲ್ಲಾದರೂ ಭೂತ ಅಂತಲೇ ತಾನೆ ಕರೆದದ್ದು, ಮಗು ಹೆದರುತ್ತೆ ಎಂದು ಅಕ್ಕ ಅದನ್ನೂ ತಳ್ಳಿಹಾಕಿದರು.

ದಾಸಮಗ್ರೆಗೆ ಮಾತ್ರ ಮುಖ ಅರಳಿತು. "ಪಾಲಪಿಟ್ಟಾನಾ?" ಈ ಕಡೆ ಮನೆಯೊಳಗಿನ ಅರ್ಧ ಮಾತು ತೆಲುಗು. ದಸರಾ ದಿನ ಅದನ್ನು ಕಂಡರೆ ಒಳ್ಳೆಯದೆಂದು ನಂಬಿಕೆ. ಕರ್ನಾಟಕದ ರಾಜ್ಯಪಕ್ಷಿ ಅದೇ, ತೆಲಂಗಾಣದ್ದೂ ಅದೇ, ಒಡಿಶಾದ್ದೂ ಅದೇ. ತಂತಿಯ ಮೇಲೆ ಕೂತಾಗ ಮಣ್ಣು ಮೆತ್ತಿದ ಹಾಗೆ ಮಂಕಾಗಿರುತ್ತದೆ, ಹಾರಿದರೆ ಬೀರು ತೆಗೆದು ಧಾರೆ ಸೀರೆ ಬಿಚ್ಚಿದ ಹಾಗೆ. ಆದರೂ ಮೂರು ರಾಜ್ಯ ಹಂಚಿಕೊಂಡ ಹಕ್ಕಿಯನ್ನು ನಮ್ಮದು ಅನ್ನಲು ನನಗೇಕೋ ಮನಸ್ಸಾಗಲಿಲ್ಲ.

ನಮ್ಮದೇ ಬೇಕೆಂದರೆ ನಂದಿಬೆಟ್ಟದಲ್ಲೊಂದಿದೆ, ಹಳದಿ ಕೊರಳಿನ ಪಿಕಳಾರ. ಜುಟ್ಟಿಲ್ಲ, ತಲೆ ಕೊರಳೆಲ್ಲ ಅರಿಶಿನ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬಂಡೆ ಒಡೆಯುವ ಸದ್ದು ಕೇಳುವ ನಮ್ಮಂಥವರಿಗೆ ಕಾರಣ ವಿವರಿಸಬೇಕಿಲ್ಲ. ಅದನ್ನು ನೋಡಲೆಂದೇ ಮಾರುದ್ದದ ಕ್ಯಾಮೆರಾ ಹೊತ್ತು ದೂರದೂರದಿಂದ ಜನ ಬರುತ್ತಾರೆ. ನಾವು? 1478 ಮೀಟರ್ ಎತ್ತರದ ಬೆಟ್ಟ ಹತ್ತಿ ಚುರುಮುರಿ ತಿಂದು, ಕೋತಿಗೆ ಬಾಳೆಹಣ್ಣು ಕಳೆದುಕೊಂಡು ಇಳಿಯುತ್ತೇವೆ. ಒಮ್ಮೆ ಯಾರೋ ಪುಣ್ಯಾತ್ಮರು "ಅಗೋ ಅಲ್ಲಿ" ಎಂದು ತೋರಿಸಿದರು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಕೊಂಬೆಯೊಂದೇ ಅಲ್ಲಾಡುತ್ತಿತ್ತು.

"ಅಂದ್ರೆ ನೋಡಿಲ್ಲ ಅನ್ನಿ. ನೋಡ್ದೇ ಇರೋದನ್ನ ಇಷ್ಟ ಅನ್ನೋದು ಹೆಂಗೆ?" ಅಕ್ಕನ ಮಾತಿಗೆ ಎದುರಾಡಲು ತೋಚಲಿಲ್ಲ.

ಹಾಗಾಗಿ ನಿಜ ಒಪ್ಪಿಕೊಂಡೆ. ನನ್ನದು ಕಾಜಾಣ. ಗೇಣುದ್ದದ ಕರಿ ಮೈ, ಕವಲು ಬಾಲ. ಕಾಗೆಯ ಮುಂದೆ ಏನೂ ಅಲ್ಲ. ಆದರೆ ತನ್ನ ಮರದ ಹತ್ತಿರ ಬಂದರೆ ಕಾಗೆಯನ್ನಷ್ಟೇ ಅಲ್ಲ, ಹದ್ದನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ಅದಕ್ಕೇ ಸಾಧು ಹಕ್ಕಿಗಳು ಅದರ ನೆರೆಯಲ್ಲಿ ಗೂಡು ಕಟ್ಟುತ್ತವೆ. ಜಗಳಗಂಟಿಯ ಪಕ್ಕದ ಮನೆಗೆ ಕಳ್ಳ ಬರುವುದಿಲ್ಲ ಅನ್ನುವ ಲೆಕ್ಕ. (ಇದನ್ನು ಹೇಳುವಾಗ ಅಕ್ಕನ ಮುಖ ನೋಡಲಿಲ್ಲ.)

"ಪಸುಲ ಪೋಲಿಗಾಡು!" ಅಕ್ಕನಿಗೆ ಗುರುತು ಹತ್ತಿತು. ತೆಲುಗಿನಲ್ಲಿ ಪಸುಲು ಅಂದರೆ ದನ. ನಮ್ಮ ಕಿವಿಗೆ ಉಳಿದದ್ದು ಪೋಲಿ ಅಂತಲೇ ಕೇಳುತ್ತದೆ, ತಪ್ಪೂ ಇಲ್ಲ. ಮೇಯುವ ದನದ ಬೆನ್ನೇರಿ ಕೂತು, ಅದರ ಗೊರಸಿಗೆ ಎದ್ದ ಮಿಡತೆಯನ್ನು ಗಾಳಿಯಲ್ಲೇ ಹಿಡಿದು ಮತ್ತೆ ಬೆನ್ನಿಗೇ ಬರುವ ಸವಾರ.

"ಈಗ ದನ ಎಲ್ಲಿ ಮೇಯ್ತವೆ ಮೇಷ್ಟ್ರೇ? ಸೀಮೆಹಸು ಕೊಟ್ಟಿಗೇಲೇ ನಿಂತಿರ್ತವೆ, ಮೇವು ಅಲ್ಲಿಗೇ ಬರುತ್ತೆ."

ಹೌದಲ್ಲ. ಇಷ್ಟು ವರ್ಷ ನೋಡುತ್ತಿದ್ದರೂ ಹೊಳೆದಿರಲಿಲ್ಲ. ಗೌರಿಬಿದನೂರು ರಸ್ತೆಯ ಜೋಳದ ಹೊಲಗಳ ಪಕ್ಕದಲ್ಲಿ ಕಾಜಾಣ ಕಂಡದ್ದೆಲ್ಲ ಕರೆಂಟು ತಂತಿಯ ಮೇಲೆ, ಬೇಲಿಯ ಕಲ್ಲುಕೂಚದ ಮೇಲೆ. ಕುದುರೆ ಹೋಗಿ ಸವಾರನೊಬ್ಬನೇ ಉಳಿದಿದ್ದಾನೆ.

ಮರುದಿನ ಹುಡುಗನ ಪುಸ್ತಕ ಕಾಂಪೌಂಡ್ ದಾಟಿ ನನ್ನ ಕೈಗೆ ಬಂತು. ಹತ್ತು ವಾಕ್ಯವೂ ನವಿಲಿನ ಮೇಲೆ. ಅಂಗಡಿಯಲ್ಲಿ ಅಂಟಿಸುವ ಚಿತ್ರ ಅದೊಂದೇ ಇತ್ತಂತೆ.

"ನಿಮ್ಮಣ್ಣನಿಗೆ ಹೇಳ್ಬೇಡಿ," ಅಂದೆ.

"ಅವನೇ ಕೊಡಿಸಿದ್ದು," ಅಂದರು ಅಕ್ಕ.