ಹಾಂಗ್‌ಕಾಂಗ್ ಪ್ರಥಮಯಾತ್ರಾ ಮೀಮಾಂಸೆ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರಕ್ಕೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಹಾಂಗ್‌ಕಾಂಗ್‌ಗೆ ಮೊದಲ ಸಲ ಹೋಗುವವರು ಹೊರಡುವ ಮುಂಚೆ ನಡೆಸುವ ತಯಾರಿ. ಪ್ರಯೋಜನ, ಆ ತಯಾರಿಯಲ್ಲಿ ಮುಕ್ಕಾಲು ಪಾಲನ್ನು ಕೈಬಿಡುವುದು. ಸಂಬಂಧ ಎಂಬುದು ತಯಾರಿಗೂ ಪ್ರವಾಸಕ್ಕೂ ಇರತಕ್ಕದ್ದು. ಅದು ಬಹಳ ದುರ್ಬಲವಾದದ್ದೆಂದು ಮುಂದೆ ಸಾಧಿಸಲಾಗುವುದು. ಇನ್ನು ಅಧಿಕಾರಿ. ಟಿಕೆಟ್ ಬುಕ್ ಆಗಿ, ರಜೆ ಮಂಜೂರಾಗಿ, ಎಕ್ಸೆಲ್ ಹಾಳೆಯ ಮೊದಲ ಮನೆಯಲ್ಲಿ ‘ದಿನ 1’ ಎಂದು ಬರೆದು, ಮುಂದೇನು ತುಂಬುವುದೆಂದು ತೋಚದೆ ಕೂತಿರುವ ಯಾರೇ ಆದರೂ ಇದನ್ನು ಓದಲು ಅರ್ಹರು. ಹೋಗಿಬಂದವರು ಅರ್ಹರಲ್ಲ, ಅವರು ಈ ಶಾಸ್ತ್ರಕ್ಕೆ ಸಾಕ್ಷಿಗಳು, ಕೆಲವೊಮ್ಮೆ ಆರೋಪಿಗಳು.

ಸಂಶಯ

ಹಾಂಗ್‌ಕಾಂಗ್‌ನ ನೆಲ ಸುಮಾರು 1,100 ಚದರ ಕಿಲೋಮೀಟರ್, ಜನ ಸುಮಾರು 75 ಲಕ್ಷ. ಇಷ್ಟನ್ನು ಓದಿದ ಕೂಡಲೇ ಅಲ್ಲಿ ಕಾಲಿಡಲು ಜಾಗವಿಲ್ಲವೆಂದು ಜನ ಹೌಹಾರುತ್ತಾರೆ. ಬೆಂಗಳೂರಿನವರು ಹೌಹಾರಬೇಕಾದ ಕಾರಣವೇ ಇಲ್ಲ. 2011ರ ಗಣತಿಯಲ್ಲಿ ಅವರ ಪಾಲಿಕೆ ವ್ಯಾಪ್ತಿಯ 700ರ ಚಿಲ್ಲರೆ ಚದರ ಕಿಲೋಮೀಟರಿನಲ್ಲಿ 84 ಲಕ್ಷ ಮಂದಿ ಇದ್ದರು. ಸರಾಸರಿ ತೆಗೆದರೆ ಬೆಂಗಳೂರೇ ಹೆಚ್ಚು ಕಿಕ್ಕಿರಿದ ಊರು.

ಹಾಗಾದರೆ ಹಾಂಗ್‌ಕಾಂಗ್‌ನ ಇಕ್ಕಟ್ಟಿನ ಖ್ಯಾತಿ ಎಲ್ಲಿಂದ ಬಂತು? ಅಲ್ಲಿನ ನೆಲದಲ್ಲಿ ಸುಮಾರು ಶೇ. 40 ಭಾಗ ಸಂರಕ್ಷಿತ ಕಂಟ್ರಿ ಪಾರ್ಕು. ಬೆಟ್ಟ, ಕಾಡು, ಜಲಾಶಯ. ಕಟ್ಟಡಗಳು ಎದ್ದಿರುವುದು ಹೆಚ್ಚೆಂದರೆ ಕಾಲು ಭಾಗದಲ್ಲಿ. ಛತ್ರದಲ್ಲಿ ಅರ್ಧ ಎಲೆ ಖಾಲಿ ಬಿದ್ದಿದ್ದರೂ ಮದುವೆಗೆ ಬಂದವರೆಲ್ಲ ಮೊದಲ ಪಂಕ್ತಿಗೇ ಮುಗಿಬೀಳುವ ಹಾಗೆ, 75 ಲಕ್ಷ ಜನವೂ ಆ ಕಾಲು ಭಾಗದಲ್ಲೇ ಒಬ್ಬರ ಮೇಲೊಬ್ಬರು ವಾಸವಾಗಿದ್ದಾರೆ. ಇಲ್ಲಿ ‘ಒಬ್ಬರ ಮೇಲೊಬ್ಬರು’ ಎಂಬುದು ಅಲಂಕಾರವಲ್ಲ, ವಿಳಾಸ. ಆದ್ದರಿಂದ ಸಂಶಯವಿಷ್ಟು: ಈ ಊರು ಚಿಕ್ಕದೋ ದೊಡ್ಡದೋ? ನಾಲ್ಕು ದಿನ ಹೆಚ್ಚೋ ಕಡಿಮೆಯೋ?

ಪೂರ್ವಪಕ್ಷ

ಈ ಪ್ರಶ್ನೆಗೆ ಉತ್ತರ ಹೇಳುವ ಸಂಪ್ರದಾಯಗಳು ಮೂರು.

ಮೊದಲನೆಯವರು ಪಟ್ಟಿವಾದಿಗಳು. ‘ನೋಡಲೇಬೇಕಾದ’ ಎಂದು ಯಾರೋ ಬರೆದದ್ದನ್ನೆಲ್ಲ ಪ್ರಸಿದ್ಧಿಯ ಕ್ರಮದಲ್ಲಿ ಜೋಡಿಸುವುದು ಇವರ ಮತ. ಬೆಳಿಗ್ಗೆ ಒಂಬತ್ತಕ್ಕೆ ವಿಕ್ಟೋರಿಯಾ ಪೀಕ್, ಹನ್ನೊಂದಕ್ಕೆ ಲಂಟೌ ದ್ವೀಪದ ದೊಡ್ಡ ಬುದ್ಧ, ಒಂದೂವರೆಗೆ ಟೆಂಪಲ್ ಸ್ಟ್ರೀಟ್ ಸಂತೆ, ಮೂರಕ್ಕೆ ಮತ್ತೆ ಸೆಂಟ್ರಲ್. ಈ ಕ್ರಮದಲ್ಲಿ ದೋಷಗಳು ಹಲವು. ದೊಡ್ಡ ಬುದ್ಧನ ಬಳಿಗೆ ಹೋಗುವ ಕೇಬಲ್ ಕಾರಿನ ದಾರಿ 5.7 ಕಿಲೋಮೀಟರ್, ಸುಮಾರು 25 ನಿಮಿಷ. ಅದು ಮುಗಿದ ಮೇಲೆ 268 ಮೆಟ್ಟಿಲು. ಮೆಟ್ಟಿಲಿಗೆ ಎಕ್ಸೆಲ್‌ನಲ್ಲಿ ಕಾಲಮ್ಮಿಲ್ಲ. ಟೆಂಪಲ್ ಸ್ಟ್ರೀಟ್ ಕಳೆ ಕಟ್ಟುವುದು ಸಂಜೆಯ ಮೇಲೆ. ಮಧ್ಯಾಹ್ನ ಒಂದೂವರೆಗೆ ಹೋದವರಿಗೆ ರಸ್ತೆ ಸಿಗುತ್ತದೆ, ಸಂತೆ ಸಿಗುವುದಿಲ್ಲ.

ಎರಡನೆಯವರು ಸೋದರಮಾವವಾದಿಗಳು. ಇವರಿಗೆ ಆಪ್ತವಾಕ್ಯವೇ ಪ್ರಮಾಣ. ಪ್ರತಿ ಕುಟುಂಬದಲ್ಲೂ ಹಿಂದೊಮ್ಮೆ ಕಂಪನಿ ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಹೋಗಿಬಂದ ಮಾವ ಒಬ್ಬರಿರುತ್ತಾರೆ. ‘ವಿಮಾನ ಇಳಿಯೋವಾಗ ಕಿಟಕಿ ಪಕ್ಕ ಕೂತ್ಕೋ, ಮನೆಗಳ ಮೇಲೆ ಒಣಹಾಕಿದ ಬಟ್ಟೆ ಕೈಗೆ ಸಿಗತ್ತೆ’ ಎಂಬುದು ಅವರ ಮಹಾವಾಕ್ಯ. ಅದು ಸುಳ್ಳಲ್ಲ. ಕೌಲೂನಿನ ಕಟ್ಟಡಗಳ ನೆತ್ತಿಯ ಮೇಲೆ ಹಾದು, ಕೊನೆಯ ಗಳಿಗೆಯಲ್ಲಿ ಬಲಕ್ಕೆ ವಾಲಿ ಇಳಿಯಬೇಕಿದ್ದ ಕಾಯ್ ಟಾಕ್ ವಿಮಾನ ನಿಲ್ದಾಣ ಅಷ್ಟಕ್ಕೇ ಜಗತ್ಪ್ರಸಿದ್ಧವಾಗಿತ್ತು. ಆದರೆ 1998ರ ಜುಲೈನಲ್ಲಿ ಅದು ಮುಚ್ಚಿತು. ಈಗ ವಿಮಾನ ಇಳಿಯುವುದು ಲಂಟೌ ಪಕ್ಕದ ಚೆಕ್ ಲಾಪ್ ಕೋಕ್‌ನಲ್ಲಿ. ಅಲ್ಲಿಂದ ಸೆಂಟ್ರಲ್‌ಗೆ ರೈಲಿನಲ್ಲಿ 24 ನಿಮಿಷ. ಕಿಟಕಿಯಲ್ಲಿ ಕಾಣುವುದು ಸಮುದ್ರ. ಆಪ್ತವಾಕ್ಯಕ್ಕೂ ವಾಯಿದೆ ಇದೆ ಎಂಬುದು ಇದರಿಂದ ಸಿದ್ಧ.

ಮೂರನೆಯವರು ಮೊಸರುವಾದಿಗಳು. ಇವರ ದರ್ಶನ ಒಂದೇ ಸಂಭಾಷಣೆಯಲ್ಲಿ ಅಡಗಿದೆ.

‘ಅಲ್ಲಿ ಮೊಸರು ಸಿಗತ್ತೇನೋ?’

‘ಸಿಗತ್ತೆ ಅಜ್ಜಿ.’

‘ಸಿಹಿ ಮೊಸರೋ, ನಮ್ಮ ಮೊಸರೋ?’

ಈ ಪ್ರಶ್ನೆಯ ಮುಂದೆ ಪಟ್ಟಿವಾದಿಯೂ ಸೋದರಮಾವನೂ ಮೂಕರಾಗುತ್ತಾರೆ. ಮೊಸರುವಾದಿಗಳು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಜೊತೆಗೊಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಕಟ್ಟಿಕೊಂಡು ಹೊರಡುತ್ತಾರೆ. ಹಾಂಗ್‌ಕಾಂಗ್‌ನ ಪ್ಲಗ್ಗು ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಕಡ್ಡಿಯದು. ನಮ್ಮ ದುಂಡು ಕಡ್ಡಿ ಅದರೊಳಗೆ ಹೋಗುವುದಿಲ್ಲ. ಹೀಗಾಗಿ ಈ ದರ್ಶನ ಗೋಡೆಯ ತನಕ ಬಂದು ನಿಂತುಬಿಡುತ್ತದೆ.

ಪ್ರಮಾಣ ವಿಚಾರ

ಪ್ರತ್ಯಕ್ಷ ಪ್ರಮಾಣವೆಂದರೆ ಫೋನಿನ ನಕಾಶೆ. ಅದು ಚಪ್ಪಟೆ. ಊರು ಚಪ್ಪಟೆಯಲ್ಲ. ಸೆಂಟ್ರಲ್‌ನಿಂದ ಮಿಡ್ ಲೆವೆಲ್ಸ್ ಬಡಾವಣೆಗೆ ನಕಾಶೆಯಲ್ಲಿ ಅಂಗುಲದಷ್ಟು ದೂರ; ನೆಲದ ಮೇಲೆ ಅದು 135 ಮೀಟರಿನ ಏರು. ಇದಕ್ಕೆಂದೇ 1993ರಲ್ಲಿ ಗುಡ್ಡದ ಮೈಮೇಲೆ ಸುಮಾರು 800 ಮೀಟರ್ ಉದ್ದಕ್ಕೆ ಎಸ್ಕಲೇಟರುಗಳ ಸಾಲು ಹಾಕಿದರು. ಅದು ಬೆಳಿಗ್ಗೆ 6ರಿಂದ 10ರವರೆಗೆ ಕೆಳಕ್ಕೆ ಹರಿಯುತ್ತದೆ, ಆಮೇಲೆ ನಡುರಾತ್ರಿಯವರೆಗೆ ಮೇಲಕ್ಕೆ. ಆಫೀಸಿಗೆ ಇಳಿಯುವವರ ಅನುಕೂಲ ಮೊದಲು, ಪ್ರವಾಸಿಯ ಫೋಟೊ ಆಮೇಲೆ. ‘9.30: ಎಸ್ಕಲೇಟರ್ ಏರುವುದು’ ಎಂದು ಬರೆದುಕೊಂಡು ಹೋದ ಪಟ್ಟಿವಾದಿ ಪಕ್ಕದ ಮೆಟ್ಟಿಲು ಹತ್ತುತ್ತ, ಎದುರಿಗೆ ನಿಂತಲ್ಲೇ ಇಳಿದುಬರುತ್ತಿರುವ ಇಡೀ ಬಡಾವಣೆಯ ದರ್ಶನ ಪಡೆಯುತ್ತಾನೆ.

ಅನುಮಾನ ಪ್ರಮಾಣವೂ ಇಲ್ಲಿ ಕೈಕೊಡುತ್ತದೆ. ಕೌಲೂನಿನ ಐಸಿಸಿ ಗೋಪುರ 484 ಮೀಟರ್ ಎತ್ತರ. ತುದಿಯ ಮಹಡಿಯ ಸಂಖ್ಯೆ 118. ಆದ್ದರಿಂದ 118 ಮಹಡಿಗಳಿವೆ ಎಂದು ತಾರ್ಕಿಕ ಊಹಿಸಿದರೆ ಅದು ಹೇತ್ವಾಭಾಸ. ನಾಲ್ಕು ಅಶುಭವೆಂದು 14, 24ರಂಥ ಮಹಡಿಗಳನ್ನು ಎಣಿಸದೆ ದಾಟಿದ್ದಾರೆ, ಇರುವುದು 108. ನಮ್ಮ ಜಪಮಾಲೆಗೆ ಸರಿಹೊಂದುವ ಸಂಖ್ಯೆಯೇ ದಕ್ಕಿದ್ದು ಕಾಕತಾಳೀಯ.

ಗಣಿತಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಚಂಡಮಾರುತ. 1883ರಲ್ಲಿ ಸ್ಥಾಪನೆಯಾದ ಹಾಂಗ್‌ಕಾಂಗ್ ವೀಕ್ಷಣಾಲಯ ಅಪಾಯವನ್ನು ಎಣಿಸುವ ಕ್ರಮ ಹೀಗಿದೆ: 1, 3, 8, 9, 10. ಎರಡೂ ನಾಲ್ಕೂ ಬಳಕೆಯಲ್ಲಿಲ್ಲ. ಹಿಂದೆ ಗಾಳಿಯ ದಿಕ್ಕಿಗೆ ತಕ್ಕಂತೆ 5ರಿಂದ 8ರವರೆಗೆ ಸಂಕೇತಗಳಿದ್ದವು. ಏಳಕ್ಕಿಂತ ಆರು ಕಡಿಮೆ ಅಪಾಯದ್ದೆಂದು ಜನ ತಪ್ಪು ತಿಳಿಯಬಾರದೆಂದು 1973ರಲ್ಲಿ ಆ ನಾಲ್ಕು ಸಂಕೇತಗಳನ್ನೂ ಎಂಟರೊಳಗೇ ಸೇರಿಸಿದರು. ಎಂಟು ಏರಿತೆಂದರೆ ಶಾಲೆ, ಕಚೇರಿ, ಫೆರ್ರಿ ಎಲ್ಲ ಬಂದ್. ಜನ ಮನೆ ಸೇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗುವವರ ಪಟ್ಟಿಗೆ ಈ ಎಂಟೇ ಅಂತಿಮ ತೀರ್ಪುಗಾರ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹವೆ ಒಣಗಿ ಹಿತವಾಗಿರುತ್ತದೆ. ತಯಾರಿ ಎಂಬುದರಲ್ಲಿ ನಿಜವಾಗಿ ಕೈಯಲ್ಲಿರುವುದು ಈ ತಿಂಗಳ ಆಯ್ಕೆ. ಆದರೆ ಅದನ್ನು ಮಾಡುವುದು ಮಕ್ಕಳ ಶಾಲೆಯ ರಜೆಪಟ್ಟಿ.

ಬಂದರು ದಾಟುವ ಅಧಿಕರಣ

ಈಗ ಶಾಸ್ತ್ರದ ಹೃದಯಭಾಗ. ಒಂದು ಕಡೆ ಹಾಂಗ್‌ಕಾಂಗ್ ದ್ವೀಪ, ಇನ್ನೊಂದು ಕಡೆ ಕೌಲೂನ್, ನಡುವೆ ವಿಕ್ಟೋರಿಯಾ ಬಂದರು. ದ್ವೈತಿಗಳು ಎರಡನ್ನೂ ಬೇರೆ ಬೇರೆ ಊರೆನ್ನುತ್ತಾರೆ. ಅದ್ವೈತಿಗಳು 1972ರ ರಸ್ತೆ ಸುರಂಗವನ್ನೂ ನೀರಡಿಯ ರೈಲನ್ನೂ ತೋರಿಸಿ ಭೇದವೇ ಇಲ್ಲವೆನ್ನುತ್ತಾರೆ. ಈ ವಿವಾದಕ್ಕೆ 1888ರಷ್ಟು ಹಿಂದೆಯೇ ಸಮಾಧಾನ ಹೇಳಿದವರು ದೊರಾಬ್ಜಿ ನವರೋಜಿ ಎಂಬ ಪಾರ್ಸಿ. ಅವರು ಕಟ್ಟಿದ ಕೌಲೂನ್ ಫೆರ್ರಿ ಕಂಪನಿಯೇ ಹತ್ತು ವರ್ಷದ ಮೇಲೆ ಸ್ಟಾರ್ ಫೆರ್ರಿ ಎಂಬ ಹೆಸರು ಪಡೆಯಿತು.

ಹಸಿರು ಬಿಳುಪಿನ ಆ ದೋಣಿಯನ್ನು ಹತ್ತಿರದಿಂದ ಪರೀಕ್ಷಿಸಬೇಕು. ಅದಕ್ಕೆ ಹಿಂದು ಮುಂದು ಎಂಬ ಭೇದವಿಲ್ಲ. ಎರಡು ತುದಿಯೂ ಮೂತಿಯೇ. ಆಚೆ ದಡ ಮುಟ್ಟಿದ ಮೇಲೆ ತಿರುಗಿ ನಿಲ್ಲದೆ ಬಂದ ದಾರಿಯಲ್ಲೇ ಹೊರಡುತ್ತದೆ. ಆಗ ಬೆಂಚಿನಲ್ಲಿ ಕೂತವನ ಮುಖ ಹಿಂದಕ್ಕಾಯಿತಲ್ಲ ಎಂಬ ಆಕ್ಷೇಪಕ್ಕೆ ಮರದ ಬೆಂಚಿನ ಬೆನ್ನೊರಗನ್ನೇ ಸಡಿಲ ಮಾಡಿಟ್ಟಿದ್ದಾರೆ. ಹಿಡಿದು ಈಚೆಯಿಂದ ಆಚೆಗೆ ತಳ್ಳಿದರೆ ಟಪ್ಪೆಂದು ಬಿದ್ದು, ಹಿಂದು ಇದ್ದದ್ದು ಮುಂದಾಗುತ್ತದೆ. ದಡ ಬಂದಾಗ ನೀಲಿ ನಾವಿಕ ಅಂಗಿಯವನು ಉದ್ದ ಕೊಕ್ಕೆಗೋಲಿನಿಂದ ಹಗ್ಗ ಸೆಳೆದು ಗೂಟಕ್ಕೆ ಸುತ್ತುತ್ತಾನೆ. ಹಲಗೆ ಇಳಿಯುತ್ತದೆ. ಹತ್ತು ನಿಮಿಷದೊಳಗೆ ಎಲ್ಲ ಮುಗಿಯಿತು. ಹಾಂಗ್‌ಕಾಂಗ್ ಡಾಲರಿನಲ್ಲಿ ಬಿಡಿಕಾಸಿನ ಬಾಬತ್ತು. ಈ ಬಿಡಿಕಾಸನ್ನು ಹಗುರವಾಗಿ ಎಣಿಸಬಾರದು: 1966ರಲ್ಲಿ ಮೊದಲ ದರ್ಜೆಯ ದರವನ್ನು 5 ಸೆಂಟ್ ಏರಿಸಹೊರಟಾಗ ಪ್ರತಿಭಟನೆ ಎದ್ದು, ಕೌಲೂನಿನಲ್ಲಿ ದಂಗೆಯೇ ಆಯಿತು.

ಇಲ್ಲಿಂದ ಹೊರಡುವ ಸೂತ್ರ: ದಿನಕ್ಕೊಂದು ದಡ. ಪ್ರಸಿದ್ಧಿಯ ಕ್ರಮದಲ್ಲಿ ಪಟ್ಟಿ ಮಾಡಿದವನು ಬಂದರನ್ನು ದಿನಕ್ಕೆ ನಾಲ್ಕು ಸಲ ಸುರಂಗದಲ್ಲಿ ದಾಟಿ, ಒಮ್ಮೆಯೂ ಅದನ್ನು ಕಾಣುವುದಿಲ್ಲ. ಪೀಕ್, ಟ್ರಾಮ್, ಎಸ್ಕಲೇಟರ್ ಒಂದು ದಿನ; ಮಾಂಗ್‌ಕಾಕ್, ಶಾಮ್ ಶುಯಿ ಪೊ, ಟೆಂಪಲ್ ಸ್ಟ್ರೀಟ್ ಇನ್ನೊಂದು ದಿನ; ಲಂಟೌ ಮತ್ತೊಂದು ದಿನ. ದಾಟುವುದನ್ನು ಸಂಜೆಗಿಟ್ಟುಕೊಳ್ಳಿ, ದೋಣಿಯಲ್ಲೇ ದಾಟಿ. ರಾತ್ರಿ ಎಂಟಕ್ಕೆ ಗೋಪುರಗಳ ದೀಪದಾಟಕ್ಕೆ ಚಿಮ್ ಶಾ ಚುಯಿ ದಂಡೆ ತಲುಪಿದರೆ ಸಾಕು.

ವ್ಯವಹಾರ ಕಾಂಡ

ಋಣದ ಬಗ್ಗೆ. 1997ರಲ್ಲಿ ಬಂದ ಆಕ್ಟೋಪಸ್ ಕಾರ್ಡ್ ರೈಲು, ಬಸ್ಸು, ಟ್ರಾಮ್, ಫೆರ್ರಿ, ಅಂಗಡಿ ಎಲ್ಲದಕ್ಕೂ ನಡೆಯುತ್ತದೆ. ಹಣ ಸಾಲದಾದರೆ ಒಂದು ಸಲಕ್ಕೆ ಸಾಲವನ್ನೂ ಕೊಡುತ್ತದೆ. ಮುಂಗಡ ಇಟ್ಟುಕೊಂಡು ಸಾಲ ಕೊಡುವ ಈ ಔದಾರ್ಯ ಬ್ಯಾಂಕುಗಳಿಗೆ ಹೊಸದಲ್ಲ. 1904ರಿಂದ ಓಡುತ್ತಿರುವ ಟ್ರಾಮಿಗೆ ಹಿಂದಿನಿಂದ ಹತ್ತಿ, ಮುಂದಿನಿಂದ ಇಳಿಯುವಾಗ ದುಡ್ಡು ಕೊಡಬೇಕು. ಹತ್ತುವಾಗಲೇ ಚಿಲ್ಲರೆ ಹಿಡಿದು ಕಂಡಕ್ಟರನ್ನು ಹುಡುಕುವವರು ಕೊನೆಯ ನಿಲ್ದಾಣದವರೆಗೂ ಹುಡುಕುತ್ತಿರಬಹುದು.

ಆಹಾರದ ಬಗ್ಗೆ. ಹಾಂಗ್‌ಕಾಂಗ್‌ನ ಮೆಟ್ರೊ ಹೆಸರು ಎಂಟಿಆರ್. ಕನ್ನಡಿಗನ ಬಾಯಲ್ಲಿ ನೀರೂರುವುದು ಸಹಜ. ಆದರೆ ಆ ಎಂಟಿಆರ್‌ನೊಳಗೆ ತಿನ್ನುವುದೂ ಕುಡಿಯುವುದೂ ನಿಷಿದ್ಧ. ಹೋಟೆಲಿನಲ್ಲಿ ‘ಬರೀ ಸೊಪ್ಪು’ ಎಂದು ಹೇಳಿ ನಿಶ್ಚಿಂತೆಯಿಂದ ಕೂತರೆ, ಬೇಯಿಸಿದ ಸೊಪ್ಪಿನ ನೆತ್ತಿಗೆ ಸಿಂಪಿಯ ಸಾಸ್ ಸುರಿದು ತರುವುದು ಅಲ್ಲಿನ ವಾಡಿಕೆ. ಶಾಕಾಹಾರಿಗಳಿಗೆ ಗತಿ ಬೌದ್ಧರ ಸಸ್ಯಾಹಾರಿ ಹೋಟೆಲುಗಳು, ಲಂಟೌ ಮೇಲಿನ ಪೊ ಲಿನ್ ಮಠದ ಊಟ. ಸಾಂಪ್ರದಾಯಿಕ ಬೌದ್ಧರ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷೇಧ. ನಮ್ಮ ಮಡಿವಂತ ಅಜ್ಜಿಯೂ ಕೈಮುಗಿದು ಎಲೆ ಮುಂದೆ ಕೂರಬಹುದು. ಮೊಸರುವಾದಿಗಳಿಗೆ ಚಿಮ್ ಶಾ ಚುಯಿಯ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಇದೆ. 1961ರ ಈ ಹದಿನೇಳು ಮಹಡಿಯ ಕಟ್ಟಡದಲ್ಲಿ ಭಾರತದ ಊಟವೂ ಉಂಟು, ಅಗ್ಗದ ಕೋಣೆಯೂ ಉಂಟು. ಲಿಫ್ಟು ಒಂದು ಸಮಸಂಖ್ಯೆಯ ಮಹಡಿಗೆ, ಇನ್ನೊಂದು ಬೆಸಸಂಖ್ಯೆಗೆ. ತಪ್ಪು ಸಾಲಿನಲ್ಲಿ ನಿಂತವರಿಗೆ ಕಾಯುವ ಪುಣ್ಯ ಇಮ್ಮಡಿ.

ಶಯನದ ಬಗ್ಗೆ. ಅಗ್ಗದ ಕೋಣೆಗಳಲ್ಲಿ ಸೂಟ್‌ಕೇಸನ್ನು ಬಿಚ್ಚಬೇಕಾದರೆ ಮನುಷ್ಯ ಮಂಚ ಹತ್ತಬೇಕು. ಮನುಷ್ಯ ನಿಲ್ಲಬೇಕಾದರೆ ಸೂಟ್‌ಕೇಸು ಮಂಚ ಹತ್ತಬೇಕು. ಎರಡು ಪದಾರ್ಥಗಳು ಏಕಕಾಲಕ್ಕೆ ನೆಲದ ಮೇಲಿರಲಾರವು. ಸಣ್ಣ ಪೆಟ್ಟಿಗೆ ಒಯ್ಯಿರಿ.

ಸಿದ್ಧಾಂತ

ಊರು ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ, ಎತ್ತರದ್ದು. ಎತ್ತರವನ್ನು ಗಂಟೆಗಂಟೆಯ ಪಟ್ಟಿಯಲ್ಲಿ ಹಿಡಿಯಲಾಗದು. ಕೆಲವೇ ನಿಮಿಷಕ್ಕೊಂದು ರೈಲು ಬರುವ ಊರಿನಲ್ಲಿ ಪಟ್ಟಿಯ ಅಗತ್ಯವೂ ಇಲ್ಲ. ತಪ್ಪಿದ ರೈಲಿಗೆ ಅಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಮೊದಲೇ ನಿಶ್ಚಯಿಸಬೇಕಾದವು ನಾಲ್ಕು: ಯಾವ ತಿಂಗಳು, ಯಾವ ದಡದಲ್ಲಿ ವಾಸ, ಎಲ್ಲಿ ಊಟ, ಮತ್ತು ಒಳಗೆ ಬಿಡಿಸಿಕೊಳ್ಳುವ ಕಾಗದ. ಮಿಕ್ಕ ತಯಾರಿ ಮನೋರಂಜನೆ. ಮಾಡಬೇಡಿ ಎನ್ನುವುದಿಲ್ಲ, ನಂಬಬೇಡಿ.

ಕೊನೆಯದನ್ನು ಮರೆತವರಿಗೆ ಮೇಲಿನ ಯಾವ ಅಧಿಕರಣವೂ ಅನ್ವಯಿಸುವುದಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರು 14 ದಿನದೊಳಗಿನ ಭೇಟಿಗೆ ವೀಸಾ ಇಲ್ಲದೆ ಹೋಗಬಹುದು, ಆದರೆ 2017ರ ಜನವರಿಯಿಂದ ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿ ಕಡ್ಡಾಯ. ಶುಲ್ಕವಿಲ್ಲ, ಒಮ್ಮೆ ಮಾಡಿದ್ದು ಆರು ತಿಂಗಳು ನಡೆಯುತ್ತದೆ. ಅದನ್ನು ಬಿಳಿಯ ಎ4 ಹಾಳೆಯಲ್ಲಿ ಮುದ್ರಿಸಿ, ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.