ನಿಂದೆಷ್ಟು ಕಡ್ಡಿ?

ಶಿಡ್ಲಘಟ್ಟದಲ್ಲಿ ಮಳೆ, ಹಿಪ್ಪುನೇರಳೆ ಸೊಪ್ಪು, ಗೂಡಿನ ರೇಟು ಮುಗಿದ ಮೇಲೆ ಮಾತು ಹೊರಳುವುದು ಟವರಿಗೆ. ನಮ್ಮ ಭಾವ ಯಾವ ಕಂಪನಿಯ ಸಿಮ್ ಹಾಕಿಕೊಂಡರೂ ಮರುದಿನವೇ ಅದರ ವಕೀಲರು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಕರ್ಯ 2011ರ ಜನವರಿಯಿಂದ ದೇಶಕ್ಕೆಲ್ಲ ಇದೆ. ಆದರೆ 1900ಕ್ಕೆ ಮೆಸೇಜು ಕಳಿಸಿ ಕಾಯುವಷ್ಟು ತಾಳ್ಮೆ ಅವರಿಗಿಲ್ಲ. ಆಫರ್ ಎಂದರೆ ಹೊಸ ಸಿಮ್, ಹೊಸ ನಂಬರು. ಹಳೆಯದು ಕಿಟಕಿಯ ಗೂಡಿಗೆ.

‘ನಂದು ಫುಲ್ ಕಡ್ಡಿ. ನಿಂದೆಷ್ಟೋ?’

‘ಎರಡು. ಆದ್ರೆ ನಿಮ್ಮ ಫೋಟೊ ಇನ್ನೂ ಸುತ್ತುತಾನೇ ಐತಲ್ಲ ಭಾವ?’

ಕಡ್ಡಿ ಹೇಳುವುದು ಸಿಗ್ನಲ್ ಎಷ್ಟು ಜೋರಾಗಿದೆ ಎಂದು ಮಾತ್ರ. ಆ ಟವರನ್ನು ಎಷ್ಟು ಜನ ಹಂಚಿಕೊಂಡಿದ್ದಾರೆಂದು ಅದು ಬಾಯಿಬಿಡುವುದಿಲ್ಲ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಹತ್ತಿರ ನಿಂತು ನೋಡಿ: ರೈತರು, ರೀಲರುಗಳು, ಟೀ ಅಂಗಡಿಯವನು, ಎಲ್ಲರ ಕೈಲೂ ಫೋನು. ಕಡ್ಡಿ ತುಂಬಿರುತ್ತದೆ, ವಿಡಿಯೊ ಅಲ್ಲಾಡುವುದಿಲ್ಲ.

ಒಮ್ಮೆ ಪಂದ್ಯವೇ ನಡೆಯಿತು. ಹುಳುಮನೆಯಲ್ಲಿ ಮೂರು ಫೋನು ಸಾಲಾಗಿಟ್ಟು ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಒತ್ತಿದೆವು. ಒಳಗೆ ನನ್ನದು ಗೆದ್ದಿತು. ಭಾವ ಒಪ್ಪಲಿಲ್ಲ, ಬಾಗಿಲಿಗೆ ಬಂದರು. ಅಲ್ಲಿ ಅವರದೇ ಮುಂದು. 2300 ಮೆಗಾಹರ್ಟ್ಸ್‌ನ ಅಲೆಗೆ ಗೋಡೆ ದಾಟುವುದು ಕಷ್ಟ, 900ರದ್ದು ಸಲೀಸಾಗಿ ಒಳಗೆ ಬರುತ್ತದೆ ಎಂದು ನಾನು ವಿವರಿಸಲು ಹೋದರೆ, ‘ಗೋಡೆ ಯಾವನು ಕಟ್ಟಿದ್ದು? ನಿಮ್ಮಪ್ಪ ತಾನೇ?’ ಎಂದರು. ಮಾತು ಅಲ್ಲಿಗೆ ಬಂದಮೇಲೆ ವಿಜ್ಞಾನ ನಡೆಯುವುದಿಲ್ಲ. ಒಳಗೆ ತಟ್ಟೆಗಳಲ್ಲಿ ಪೊರೆ ಬಿಡಲು ನಾಲ್ಕನೇ ಜ್ವರಕ್ಕೆ ಕೂತ ಹುಳುಗಳು ಸೊಪ್ಪು ಮುಟ್ಟದೆ ತಲೆಯೆತ್ತಿ ನಿಂತಿದ್ದವು. ಅಂಗಳದಲ್ಲಿ ನಾವೂ ಫೋನೆತ್ತಿ ಹಾಗೆಯೇ.

ನಿಜವಾದ ಪರೀಕ್ಷೆ ಬಂದದ್ದು ಗೂಡು ಮಾರಿದ ದಿನ. ದುಡ್ಡು ಅಮ್ಮನ ಖಾತೆಗೆ ಬೀಳಬೇಕು. ಭಾವ ತಮ್ಮ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದು ಟೆರೇಸ್ ಹತ್ತಿದರು, ನಾನು ತೋಟದ ಬದುವಿನ ತನಕ ಹೋದೆ. ಚಕ್ರ ಸುತ್ತಿದ್ದೇ ಸುತ್ತಿದ್ದು. ಅಡುಗೆಮನೆಯಲ್ಲಿ ಮಾತ್ರ, ರಾಗಿ ಡಬ್ಬಿಯ ಮೇಲಿದ್ದ ಬಟನ್ ಫೋನು ಟಿಣ್ ಎಂದಿತು.

‘ದುಡ್ಡು ಬಿತ್ತು ಕಣ್ರೋ.’

ಭಾವ ದಡಬಡ ಇಳಿದು ಬಂದರು. ‘ಅತ್ತೆ, ಇದ್ಯಾವ ಸಿಮ್ಮು?’

‘ಕಿಟಕಿಯಾಗೆ ಬಿದ್ದಿತ್ತಲ್ಲ ಅಳಿಯಂದ್ರೇ, ಟವರೇ ಸಿಗಲ್ಲ ಅಂತ ನೀವು ಬಿಸಾಕಿದ್ದು.’