ದೆವ್ವದ ಪುಸ್ತಕ ತೂಗುವವ

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಲ್ಲೇ ಕತೆ ಕಟ್ಟುತ್ತಾ ಆಡುವ ರೋಲ್‌ಪ್ಲೇಯಿಂಗ್ ಆಟಗಳ ಲೋಕದಲ್ಲಿ ಕಂಡುಬರುವ ಒಂದು ಜಾತಿ. ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಡುವುದಕ್ಕೆ ಮೂಲ ನಿಯಮಗಳಿದ್ದರೆ ಸಾಕು. ಅದರ ಮೇಲೆ ಹೊಸ ಊರು, ಹೊಸ ರಾಕ್ಷಸ, ಹೊಸ ಕಟ್ಟಳೆ ಬಡಿಸುವ ಪುಸ್ತಕಕ್ಕೆ ಸೋರ್ಸ್‌ಬುಕ್ ಎಂದು ಹೆಸರು. ಭಯಾನಕ ರಸದ ಸೋರ್ಸ್‌ಬುಕ್ಕನ್ನು ಕೊಳ್ಳಬೇಕೇ ಬೇಡವೇ ಎಂದು ತೂಗುವುದು ಈ ಜಾತಿಯ ಕಸುಬು, ಆಡುವುದು ಉಪಕಸುಬು.

ಬಸವನಗುಡಿಯಲ್ಲಿ ತೀರಾ ಹತ್ತಿರದಿಂದ ನೋಡಲು ಸಿಕ್ಕ ಮಾದರಿಯೊಬ್ಬ 2021ರ 'ವ್ಯಾನ್ ರಿಕ್ಟನ್ಸ್ ಗೈಡ್ ಟು ರೇವನ್‌ಲಾಫ್ಟ್' ಮೇಲೆ ಕಣ್ಣಿಟ್ಟಿದ್ದ. 256 ಪುಟ, ಮುಖಬೆಲೆ 49.95 ಡಾಲರ್, ಅಂದರೆ ಪುಟಕ್ಕೆ ಹೆಚ್ಚುಕಡಿಮೆ 20 ಸೆಂಟ್ ಎಂದು ಅವನೇ ಭಾಗಿಸಿ ಹೇಳುತ್ತಿದ್ದ. ಟ್ರೇಸಿ ಮತ್ತು ಲಾರಾ ಹಿಕ್ಮನ್ ದಂಪತಿ 1983ರಲ್ಲಿ ಬರೆದ ಮೂಲ ಸಾಹಸ 'ರೇವನ್‌ಲಾಫ್ಟ್' ಬರೀ 32 ಪುಟದ್ದು. ರಕ್ತಪಿಶಾಚಿ ಸ್ಟ್ರಾಡ್‌ನ ಕೋಟೆಯಲ್ಲಿ ಅವನನ್ನು ಕೊಲ್ಲುವ ಆಯುಧ ಎಲ್ಲಿದೆ ಎಂಬುದನ್ನು ಅದರಲ್ಲಿ ಇಸ್ಪೀಟೆಲೆಯ ಭವಿಷ್ಯವೇ ನಿರ್ಧರಿಸುತ್ತದೆ. ಎಲೆ ಬದಲಾದರೆ ಆಟವೂ ಬದಲು. 2021ರ ಪುಸ್ತಕ ಹಾಗೆ ಒಂದೇ ಕತೆಯಲ್ಲ. ಮೂವತ್ತಕ್ಕೂ ಹೆಚ್ಚು ಶಾಪಗ್ರಸ್ತ ಸೀಮೆಗಳು, ಬೆದರಿಸುವ ಬಗೆಗಳ ಪಾಠ, ಹೊಸಬರ ಪಾತ್ರಗಳಿಗೆ ಸಿದ್ಧವಾದ ಒಂದೇ ಒಂದು ಸಾಹಸ. ತಾನೇ ಅಟ್ಟುಣ್ಣುವವನಿಗೆ ಇದು ತುಂಬಿದ ಉಗ್ರಾಣ. ಎಲೆ ಹಾಕಿದರೆ ಸಾಕು ಎನ್ನುವವನಿಗೆ 2016ರ ಸಿದ್ಧ ಸಾಹಸ 'ಕರ್ಸ್ ಆಫ್ ಸ್ಟ್ರಾಡ್' ಲೇಸು. ವಿಮರ್ಶೆ ಇಷ್ಟೇ, ಎರಡು ನಿಮಿಷದ ಮಾತು. ಮಾದರಿಗೆ ಏಳು ತಿಂಗಳು ಹಿಡಿಯಿತು.

ಆ ಏಳು ತಿಂಗಳನ್ನು ಒಬ್ಬ ಸ್ನೇಹಿತ ಅನುಭವಿಸಬೇಕಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನು: "ಲೋ, ತಗೊಳ್ಳಲಾ?" "ತಗೋ" ಎಂದರೆ, ಹಾರ್ಡ್‌ಬೌಂಡಿನ ಹೊಲಿಗೆ ಬಿಡುತ್ತದಂತೆ, ಕಸ್ಟಮ್ಸ್ ಕಟ್ಟಬೇಕಂತೆ, ಸ್ಟ್ರಾಡ್‌ನ ವಿಷಯ ತನಗೆ ಆಗಲೇ ಬಾಯಿಪಾಠವಂತೆ. "ಬಿಡು ಹಾಗಾದರೆ" ಎಂದರೆ ದನಿ ಕುಗ್ಗುತ್ತದೆ. "ಅಲ್ಲ ಕಣೋ, ಆ ಚಿತ್ರಗಳನ್ನ ನೋಡಿದೀಯಾ?" ಮೂರನೆಯ ಉತ್ತರ ಈ ಪ್ರಶ್ನೆಗಿಲ್ಲ. ಅಮ್ಮ ಚಿಕ್ಕಪೇಟೆಯಲ್ಲಿ ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದು ನೋಡುವಾಗ ಕೈಗಡಿಯಾರ ನೋಡಿಕೊಳ್ಳುವ ಗಂಡಸೂ ಈ ಮಾದರಿಯೇ. ಫೋನೆತ್ತುವ ಆ ಸ್ನೇಹಿತನ ಕಪಾಟಿನಲ್ಲೂ ಪ್ಲಾಸ್ಟಿಕ್ ಬಿಚ್ಚದ ಮೂರು ದೆವ್ವದ ಪುಸ್ತಕಗಳಿವೆ ಎಂಬುದು ಇಲ್ಲಿ ಅಪ್ರಸ್ತುತ.

ಮಾದರಿಯ ಪಾಂಡಿತ್ಯ ಮಾತ್ರ ಗಟ್ಟಿ. ಆಟದಲ್ಲಿ ಭಯ ಹುಟ್ಟಿಸುವುದು ಎಷ್ಟು ಕಷ್ಟವೆಂದು ಅವನಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ವಿರಳ. ಕತ್ತಿಯೂ ಮಂತ್ರವೂ ಕೈಯಲ್ಲಿರುವ ಪಾತ್ರ ಯಾಕೆ ಹೆದರಬೇಕು? ಸ್ಯಾಂಡಿ ಪೀಟರ್ಸನ್ 1981ರ 'ಕಾಲ್ ಆಫ್ ಕ್ಥುಲು'ವಿನಲ್ಲಿ ಬುದ್ಧಿಯ ಸ್ವಾಸ್ಥ್ಯಕ್ಕೇ ಅಂಕ ಕೊಟ್ಟ. ಕಾಣಬಾರದ್ದನ್ನು ಕಂಡಾಗಲೆಲ್ಲ ಆ ಅಂಕ ಕರಗುತ್ತದೆ. 'ಡ್ರೆಡ್' ಎಂಬ ಆಟ ದಾಳವನ್ನೇ ಬಿಟ್ಟು ಜೆಂಗಾ ಗೋಪುರದಿಂದ ಮರದ ತುಂಡು ಎಳೆಸುತ್ತದೆ. ಗೋಪುರ ಬಿದ್ದರೆ ಪಾತ್ರ ಸತ್ತಂತೆ. 'ಟೆನ್ ಕ್ಯಾಂಡಲ್ಸ್' ಹತ್ತು ಮೇಣದಬತ್ತಿ ಹಚ್ಚಿ ಒಂದೊಂದನ್ನೇ ಕಳೆಯುತ್ತದೆ. ಆದ್ದರಿಂದ ಹೊಸ ಪುಸ್ತಕದಲ್ಲಿ ಅವನು ಮೊದಲು ತೆರೆಯುವುದು ರಾಕ್ಷಸರ ಪುಟವನ್ನಲ್ಲ. ಆಟಗಾರನ ಕೈಯಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಹುಡುಕುತ್ತಾನೆ. ಏನೂ ಕಿತ್ತುಕೊಳ್ಳದ ಪುಸ್ತಕ ಅವನ ಪ್ರಕಾರ ಬರೀ ಕಪ್ಪು ಅಂಗಿ ತೊಟ್ಟ ಪಂಚಾಂಗ.

ಆಟಗಾರರ ಕೊರತೆ ಈ ಜಾತಿಯ ಸ್ಥಾಯಿ ದುಃಖ. ಒಬ್ಬನಿಗೆ ಮಗುವಿನ ಜ್ವರ, ಒಬ್ಬಳಿಗೆ ಆನ್‌ಕಾಲ್, ಮತ್ತೊಬ್ಬ ಕೆನಡಾದಲ್ಲಿ. ನಾಲ್ಕು ಜನ ಸೇರುವ ಭಾನುವಾರ ಬರುವತನಕ ಪುಸ್ತಕ ತೂಗುವುದೂ ಒಂದು ಬಗೆಯ ಆಟವೇ, ಒಬ್ಬನೇ ಆಡಬಹುದಾದದ್ದು. ಇದು ಹೊಳೆದ ಮೇಲೆ ಹನ್ನೊಂದರ ಫೋನಿನ ಮೇಲೆ ಮೊದಲಿನಷ್ಟು ಸಿಟ್ಟು ಬರುವುದಿಲ್ಲ. ಬರುತ್ತದೆ, ಸ್ವಲ್ಪ ಕಡಿಮೆ.

ಪುಸ್ತಕ ಕೊನೆಗೂ ಬಂತು. ಅಂಥದೊಂದು ಭಾನುವಾರವೂ ಬಂತು. ಪರದೆ ಎಳೆದು, ಫೋನಿನಲ್ಲಿ ಗಾಳಿಯ ಸದ್ದು ಹಾಕಿ, ಭಯದ ನಿಯಮ ಎಷ್ಟನೆಯ ಪುಟದಲ್ಲಿದೆ ಎಂದು ಮಾದರಿ ಹುಡುಕುತ್ತಿದ್ದಾಗ ಅಮ್ಮ ಕಾಫಿ ತಂದರು. ಮುಖಪುಟ ನೋಡಿ, "ಇದೇನೋ, ದೆವ್ವಾನಾ?" ಎಂದು ಲೋಟ ಇಡುತ್ತಲೇ ತೊಂಬತ್ತರ ದಶಕದ ಬೆಂಗಳೂರಿನ ಸುದ್ದಿ ತೆಗೆದರು. ರಾತ್ರಿ ಬಾಗಿಲು ತಟ್ಟುತ್ತದೆ. ಮನೆಯವರದೇ ದನಿಯಲ್ಲಿ ಕರೆಯುತ್ತದೆ. ತೆಗೆದರೆ ಮುಗಿಯಿತು. ಅದಕ್ಕೇ ಬೀದಿಬೀದಿಯ ಬಾಗಿಲ ಮೇಲೆಲ್ಲ 'ನಾಳೆ ಬಾ' ಎಂದು ಬರೆದಿದ್ದರು. ಅದು ಓದಿಕೊಂಡು ವಾಪಸು ಹೋಗುತ್ತಿತ್ತಂತೆ. "ನಿಮ್ಮಪ್ಪ ನೈಟ್ ಶಿಫ್ಟು. ಅವರೇ ಬಂದು ಕೂಗಿದರೂ ಅರ್ಧ ಗಂಟೆ ತೆಗೆಯಲಿಲ್ಲ ನಾನು."

ಗಾಳಿಯ ಸದ್ದನ್ನು ಯಾರೋ ಆರಿಸಿದರು. ಆನ್‌ಕಾಲ್ ಹುಡುಗಿ ಎದ್ದು ಹೋಗಿ ಚಿಲಕ ನೋಡಿ ಬಂದಳು. ಮಾದರಿ ಆ ದೆವ್ವಕ್ಕೂ ಆಟದ ಅಂಕ ಹಾಕಲು ಪೆನ್ಸಿಲ್ ಕೈಗೆತ್ತಿಕೊಂಡ: "ಅಮ್ಮಾ, ಅದಕ್ಕೆ ಓದೋಕೆ ಬರುತ್ತೆ ಅಂದಮೇಲೆ ಇಂಟೆಲಿಜೆನ್ಸ್ ಹತ್ತಾದರೂ ಇರಬೇಕಲ್ವಾ?"

"ಕಾಫಿ ಆರೋಗತ್ತೆ, ಕುಡಿ."

ಅಂದು ರಾತ್ರಿ ಹನ್ನೊಂದಕ್ಕೆ ಸ್ನೇಹಿತನ ಫೋನು ಹೊಡೆದುಕೊಂಡಿತು. ಕರೆಯುತ್ತಿದ್ದುದು ಗುರುತಿನವನೇ ಆದರೂ, ಅಥವಾ ಅದೇ ಕಾರಣಕ್ಕೆ, ಅವನು ಎತ್ತಲಿಲ್ಲ.